ಬಾಗಿನದ ಕೆಳಗಿನ ಕಾಗದ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬರೆಯುವವನು ವಕೀಲ ಅಂದಮೇಲೆ ಕೊನೆಗೆ ಹೇಗಾದರೂ ಮಾಡಿ ಬೇರೆ ಯಾರ ತಲೆಗಾದರೂ ಕಟ್ಟುತ್ತಾನೆ ಅಂತ ಓದುವವರು ಕಾದಿರುತ್ತಾರೆ. ನಮ್ಮ ಕಕ್ಷಿದಾರರೊಬ್ಬರು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಮ್ಮನ್ನು ನಂಬಿ ಒಂದು ಮಾತು ಆಡಿದ್ದರು. ಆ ಮಾತು ಯಾರ ಬಗ್ಗೆ ಇತ್ತೋ ಅವರದೇ ಮನೆಯ ಹಾಲಿನಲ್ಲಿ ಕೂತು, ಅದನ್ನು ಕಕ್ಷಿದಾರರದೇ ದನಿಯಲ್ಲಿ, ಅವರದೇ ಮೂಗಿನಲ್ಲಿ, ಉಂಗುರ ಮೇಜಿಗೆ ಬಡಿಯುವ ಸದ್ದಿನ ಸಮೇತ ನಟಿಸಿ ತೋರಿಸಿದವನು ನಾನು. ಯಾರೂ ಬಲವಂತ ಮಾಡಿರಲಿಲ್ಲ. ಎರಡು ಮುದ್ದೆ, ಬಸ್ಸಾರು ಇಳಿದಿತ್ತು, ಅಷ್ಟೇ.

ಹೋದ ವಾರ ಇನ್ಯಾವುದೋ ಕಂಪನಿಯ ಕಾಗದ ನೋಡಲು ಗೌರಿಬಿದನೂರಿಗೆ ಹೋಗಿದ್ದವನು, ವಾಪಸ್ ಬರುವಾಗ ದಾರಿಯಲ್ಲದ ದಾರಿ ಹಿಡಿದು ಶಿಡ್ಲಘಟ್ಟಕ್ಕೊಂದು ಸುತ್ತು ಹಾಕಿ ಬಂದೆ. ಊರು ಕಾಣುವ ಮೊದಲೇ ಆ ವಾಸನೆ ಬಂತು. ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯುವ ವಾಸನೆ. ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಒದ್ದೆ ಕಂಬಳಿ, ಬೇಯಿಸಿದ ಹುರುಳಿ, ಒಣಮೀನು ಮೂರೂ ಒಂದೇ ಬಸ್ಸು ಹತ್ತಿ ಸೀಟಿಗಾಗಿ ಜಗಳ ಆಡಿದರೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ. ಮೊದಲ ಸಲ ಆ ವಾಸನೆ ಕುಡಿದಾಗ ಮೂಗಿಗೆ ಕರ್ಚೀಫು ಹಿಡಿದಿದ್ದೆ. ಈ ಸಲ ಕಾರಿನ ಗಾಜು ಇಳಿಸಿದೆ. ಆಷಾಢದಲ್ಲಿ ಶುರುವಾಗಿ ನವರಾತ್ರಿಯ ಹೊಸ್ತಿಲಲ್ಲಿ ಮುಗಿದ ಆ ಮಳೆಗಾಲ ಪೂರ್ತಿ ಒಳಗೆ ಬಂದು ಪಕ್ಕದ ಸೀಟಿನಲ್ಲಿ ಕೂತಿತು.

ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಕಂಪನಿಯ ಹೆಸರನ್ನಂತೂ ಹೇಳುವುದೇ ಇಲ್ಲ. ಒಂದು ಸಲ ಬಾಯಿ ಬಿಟ್ಟಿದ್ದಕ್ಕೆ ಆದದ್ದು ಸಾಕು.

ನಮ್ಮದು ಚಿಕ್ಕಬಳ್ಳಾಪುರ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಅಮ್ಮ ಪ್ರೈಮರಿ ಸ್ಕೂಲಿನ ಟೀಚರು. ಇಬ್ಬರನ್ನೂ ನಾನು ಏಳನೇ ವಯಸ್ಸಿಗೇ ಚೆನ್ನಾಗಿ ಮಾಡುತ್ತಿದ್ದೆ. ಅಪ್ಪ ಅರ್ಜಿದಾರರಿಗೆ ‘ನಾಳೆ ಬಾ’ ಅನ್ನುವಾಗ ಕನ್ನಡಕದ ಮೇಲಿಂದ ನೋಡುವುದನ್ನು ಮಾಡಿ ತೋರಿಸಿದರೆ ಬೀದಿಯವರೆಲ್ಲ ನಗುತ್ತಿದ್ದರು, ಅಪ್ಪ ಒಬ್ಬರನ್ನು ಬಿಟ್ಟು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ದನಿಯಲ್ಲಿ ಒಮ್ಮೆ ಮಳೆ ರಜೆ ಘೋಷಿಸಿ ಅರ್ಧ ಶಾಲೆಯನ್ನು ಮನೆಗೆ ಕಳಿಸಿದ್ದೆ. ಎಲ್ಲರ ದನಿ ಮಾಡಿ ಮಾಡಿ ನನ್ನ ಸ್ವಂತ ದನಿ ಯಾವುದು ಅಂತ ಅಮ್ಮನಿಗೇ ಅನುಮಾನ. ಇಂಥವನು ಬೆಂಗಳೂರಿನಲ್ಲಿ ಲಾ ಓದಿದ. ಅಪ್ಪ ಅಂದುಕೊಂಡದ್ದು ಮಗ ಕರಿಕೋಟು ಹಾಕಿ ನಮ್ಮೂರ ಕೋರ್ಟಿನಲ್ಲಿ ಜಡ್ಜಿಗೆ ಎದುರುತ್ತರ ಕೊಡುತ್ತಾನೆ ಅಂತ. ನಾನು ಸೇರಿದ್ದು ಕಂಪನಿ ಕಾನೂನಿನ ಆಫೀಸು. ಅಲ್ಲಿ ಜಡ್ಜೂ ಇಲ್ಲ, ಎದುರುತ್ತರವೂ ಇಲ್ಲ. ಒಂದು ಕಂಪನಿಯನ್ನು ಯಾರಾದರೂ ಕೊಳ್ಳುವ ಮೊದಲು ಅದರ ಹಳೇ ಕಾಗದಗಳನ್ನೆಲ್ಲ ಓದಿ ಎಲ್ಲೆಲ್ಲಿ ಮುಳ್ಳಿದೆ ಅಂತ ಹೇಳುವುದು. ಪಾಲುದಾರರು ಜಗಳಕ್ಕೆ ಬಿದ್ದರೆ ಅದೇ ಮುಳ್ಳನ್ನು ಹುಡುಕಿ ತೆಗೆದು ಎದುರಿನವರಿಗೆ ಚುಚ್ಚುವುದು. ಎರಡು ವರ್ಷ ನಾನು ಮಾಡಿದ್ದು ಬರೀ ಓದುವ ಕೆಲಸ. ಅಪ್ಪನ ಗುಮಾಸ್ತಿಕೆಗೂ ನನ್ನದಕ್ಕೂ ಇದ್ದ ವ್ಯತ್ಯಾಸ ಏ.ಸಿ. ಒಂದೇ.

ನಮ್ಮ ಸೀನಿಯರ್ ಶಾಂತಲಾ ಮೇಡಂ. ಮಾತು ಕಡಿಮೆ. ನಾವು ಹತ್ತು ನಿಮಿಷ ವಿವರಿಸಿದ ಮೇಲೆ ಅವರು ಕನ್ನಡಕ ಹಣೆಗೆ ಏರಿಸಿ ‘ಮುಂದೆ?’ ಅನ್ನುತ್ತಿದ್ದರು. ಮುಂದೆ ಏನೂ ಇರುತ್ತಿರಲಿಲ್ಲ. ಆ ವರ್ಷ ಆಷಾಢದಲ್ಲಿ ಅವರು ನನ್ನನ್ನು ಕರೆದು, ಶಿಡ್ಲಘಟ್ಟದಲ್ಲಿ ಒಂದು ರೇಷ್ಮೆ ಕಂಪನಿ ಇದೆ, ಅಣ್ಣ ತಮ್ಮಂದಿರಿಗೆ ಆಗುತ್ತಿಲ್ಲ, ನೀನು ಆ ಕಡೆಯವನು, ತೆಲುಗೂ ಬರುತ್ತದೆ, ಮನೆಯಲ್ಲೇ ಇದ್ದುಕೊಂಡು ಹೋಗಿ ಬಂದು ಕಾಗದಗಳನ್ನು ಜೋಡಿಸು ಅಂದರು. ಗಾಜಿನ ಕಟ್ಟಡಗಳಲ್ಲಿ ದೊಡ್ಡ ದೊಡ್ಡ ಒಪ್ಪಂದ ಮಾಡಿಸುವ ಕನಸು ಕಂಡಿದ್ದವನು ಹೀಗೆ ಹಳೇ ಬೈಕು ಹತ್ತಿ, ಸ್ಕಂದಗಿರಿಯ ಮೇಲೆ ಮೋಡ ಮಲಗಿದ್ದನ್ನು ನೋಡುತ್ತಾ, ದಿನಾ ಬೆಳಿಗ್ಗೆ ಕಂಬಳಿ ವಾಸನೆಯ ಕಡೆಗೆ ಹೊರಡುವಂತಾಯಿತು.

ಜಗಳ ಬಿಡಿಸಿ ಹೇಳಿದರೆ ಇಷ್ಟು. ಗೂಡಿನಿಂದ ನೂಲು ಬಿಚ್ಚುವ ಆ ಫ್ಯಾಕ್ಟರಿಯನ್ನು ಕಟ್ಟಿದವರು ತಂದೆ. ತೀರಿಹೋಗುವ ಮುಂಚೆ ನೂರು ಷೇರಿನಲ್ಲಿ ನಲವತ್ತೈದು ದೊಡ್ಡ ಮಗ ರಮಣಪ್ಪನವರಿಗೆ, ನಲವತ್ತೈದು ಚಿಕ್ಕ ಮಗ ಮುನಿರಾಜುಗೆ, ಹತ್ತು ಮಗಳು ರತ್ನಮ್ಮನಿಗೆ ಬರೆದಿದ್ದರು. ರಮಣಪ್ಪನವರು ನಮ್ಮ ಕಕ್ಷಿದಾರರು. ಅವರಿಗೆ ಫ್ಯಾಕ್ಟರಿ ಮಾರಬೇಕಿತ್ತು. ಬೆಂಗಳೂರಿನ ಒಂದು ಪಾರ್ಟಿ ಜಾಗದ ಸಮೇತ ಕಂಪನಿ ಕೊಳ್ಳಲು ಬಂದಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಷೇರು ಒಂದೇ ಕೈಯಲ್ಲಿರಬೇಕು, ಮುನಿರಾಜು ಡೈರೆಕ್ಟರ್ ಆಗಿರಬಾರದು ಅನ್ನುವುದು ಅವರ ಷರತ್ತು. ಮುನಿರಾಜು ಮಾರಲ್ಲ ಅನ್ನುತ್ತಿದ್ದರು. ಅಂದಮೇಲೆ ಚಿಂತಾಮಣಿಗೆ ಕೊಟ್ಟ ತಂಗಿಯ ಹತ್ತು ಷೇರು ಯಾವ ಕಡೆ ವಾಲುತ್ತದೋ ಆ ಕಡೆ ಫ್ಯಾಕ್ಟರಿ. ಆ ತಂಗಿಗೆ ಇದಾವುದೂ ಗೊತ್ತಿರಲಿಲ್ಲ.

ರಮಣಪ್ಪನವರನ್ನು ಕೆಟ್ಟವರು ಅಂತ ಬರೆದರೆ ಸುಲಭ, ಆದರೆ ಅವರು ಕೆಟ್ಟವರಾಗಿರಲಿಲ್ಲ. ಅರವತ್ತು ದಾಟಿದ ಸಣಕಲು ಮನುಷ್ಯ, ಬಿಳಿ ಷರಟು, ಬೆರಳಿಗೆ ಹವಳದ ಉಂಗುರ. ಮೂಗಿನಲ್ಲಿ ಮಾತು. ಒಂದೊಂದು ವಾಕ್ಯ ಮುಗಿದಾಗಲೂ ಉಂಗುರವನ್ನು ಮೇಜಿಗೆ ಒಮ್ಮೆ ಬಡಿದು, ತೆಲುಗಿನಲ್ಲಿ ‘ಅಂತೇ ಕದಾ?’ ಅನ್ನುವರು. ಅಷ್ಟೇ ತಾನೆ, ಅಂತ. ಮಂಡಿ ನೋವು. ನಲವತ್ತು ವರ್ಷ ಬಾಯ್ಲರಿನ ಬಿಸಿ ಕುಡಿದು ಸಾಕಾಗಿದೆ ಅನ್ನುವರು. ಮಳೆಗಾಲದ ಗೂಡು ತಣುಪಿಗೆ ಸಿಕ್ಕು ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಎಳೆ ಮತ್ತೆ ಮತ್ತೆ ಹರಿಯುತ್ತದೆ; ಪ್ರತಿ ಸಲ ಹರಿದಾಗಲೂ ಅವರ ಮುಖ ಸಣ್ಣಗಾಗುತ್ತಿತ್ತು. ನನ್ನನ್ನು ಲಾಯರಪ್ಪ ಅಂತ ಕರೆಯುತ್ತಿದ್ದರು. ಮೂರನೇ ದಿನಕ್ಕೇ ಅವರು ನನ್ನ ಬಾಯಿಗೆ ಬಂದುಬಿಟ್ಟರು. ಸಂಜೆ ಮನೆಗೆ ಬಂದು ಅಮ್ಮನ ಮುಂದೆ ತಟ್ಟೆಗೆ ಚಮಚ ಬಡಿದು, ‘ಸಾರಿಗೆ ಉಪ್ಪು ಕಮ್ಮಿ. ಅಂತೇ ಕದಾ?’ ಅನ್ನುತ್ತಿದ್ದೆ.

ತಮ್ಮ ಮುನಿರಾಜು ಇರುತ್ತಿದ್ದದ್ದು ಕೆಳಗೆ, ನೂಲು ಬಿಚ್ಚುವ ಹಾಲಿನಲ್ಲಿ. ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ತೇಲುವ ಗೂಡುಗಳಲ್ಲಿ ಎಳೆಯ ತುದಿ ಹಿಡಿದು ಮೇಲಕ್ಕೆ ಏರಿಸುವ ಅವರ ಬೆರಳುಗಳು ಸದಾ ನೀರಲ್ಲಿ ನೆಂದು ಬಿಳಿಚಿಕೊಂಡಿದ್ದವು. ಮುನಿರಾಜು ಪ್ಯಾಂಟು ಮಡಚಿಕೊಂಡು ಅವರ ನಡುವೆ ಓಡಾಡುತ್ತಾ, ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಆಡುವ ಸದ್ದು ಕೇಳುವರು. ನಾನು ಮೊದಲ ದಿನ ಒಳಗೆ ಹೋದಾಗ ಅವರು ತಿರುಗಿಯೂ ನೋಡದೆ, ‘ಅಣ್ಣನ ಲಾಯರ್ರಾ? ನೋಡಿಕೊಂಡು ಕಾಲಿಡಿ, ಇಲ್ಲಿ ಜಾರುತ್ತೆ’ ಅಂದರು. ಜಾರಿದೆ. ಒಂದು ಬುಟ್ಟಿ ಗೂಡಿನ ಮೇಲೆ ಕೂತೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವತ್ತಿನಿಂದ ನಾನು ಒಳಗೆ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಬುಟ್ಟಿ ಪಕ್ಕಕ್ಕೆ ಸರಿಸುವರು.

ಕಪಾಟುಗಳಲ್ಲಿದ್ದ ಹಳೇ ಕಾಗದ ಜೋಡಿಸುತ್ತಾ ಹೋದ ಹಾಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ರತ್ನಮ್ಮನವರ ಸಹಿ ಇದ್ದ ಕಾಗದಗಳ ಮೂಲೆಯಲ್ಲೆಲ್ಲ ಅರಿಶಿನದ ಬೆರಳ ಗುರುತು. ಯಾಕೆ ಅಂತ ರಮಣಪ್ಪನವರನ್ನು ಕೇಳಿದೆ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ತಂಗಿಗೆ ಬಾಗಿನ ಹೋಗುತ್ತದೆ. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಬೇಳೆ ಬೆಲ್ಲ, ಸೀರೆ. ಸೀರೆಯ ಕೆಳಗೆ ಆ ವರ್ಷದ ಕಂಪನಿ ಕಾಗದ. ಆಡಿಟರು ಸಹಿ ಬೀಳಬೇಕಾದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ. ಆಕೆ ಬಾಗಿನ ಮುಟ್ಟಿ ಕಣ್ಣಿಗೊತ್ತಿಕೊಂಡು, ಆ ಕೈಯಲ್ಲೇ ಸಹಿ ಹಾಕಿ, ಖಾಲಿ ಮೊರದಲ್ಲಿ ಕಾಗದ ಇಟ್ಟು ವಾಪಸ್ ಕಳಿಸುತ್ತಾಳೆ. ಎಲ್ಲ ಇಂಗ್ಲಿಷಿನಲ್ಲಿ ಇರುತ್ತಿತ್ತು. ಆಕೆಗೆ ಇಂಗ್ಲಿಷು ಬರದು. ಸಹಿ ಮಾತ್ರ ದುಂಡಗೆ, ಕನ್ನಡದಲ್ಲಿ.

ಗೌರಿ ಹಬ್ಬ ಹತ್ತಿರ ಬಂದಾಗ ಶಾಂತಲಾ ಮೇಡಂ ಶಿಡ್ಲಘಟ್ಟಕ್ಕೆ ಬಂದರು. ಮೇಲಿನ ಕೋಣೆಯ ಬಾಗಿಲು ಹಾಕಿ ಮೂವರೂ ಕೂತೆವು. ತಂಗಿಯ ಹತ್ತು ಷೇರನ್ನು ಅಣ್ಣನ ಹೆಸರಿಗೆ ವರ್ಗಾಯಿಸುವ ಫಾರಂ ತಯಾರಾಗಿತ್ತು. ಬರೆದವನು ನಾನೇ. ‘ನನ್ನ ಸ್ವಂತ ಇಚ್ಛೆಯಿಂದ, ಪ್ರೀತಿ ವಿಶ್ವಾಸದಿಂದ’ ಅನ್ನುವ ಮಾತನ್ನು ಇಂಗ್ಲಿಷಿನಲ್ಲಿ ಸೊಗಸಾಗಿ ಕೂರಿಸಿ ಬೆನ್ನು ತಟ್ಟಿಕೊಂಡಿದ್ದೆ. ಆಕೆ ಒಪ್ಪದಿದ್ದರೆ ಏನು ಮಾಡುತ್ತೀರಿ ಅಂತ ಮೇಡಂ ಕೇಳಿದರು. ರಮಣಪ್ಪನವರು ಮೂಗಿನಲ್ಲೇ ನಕ್ಕು ಹೇಳಿದ ಮಾತು ಇದು: ‘ಚಿನ್ನಪಾಪದ್ದೇನು ಬಿಡಿ ಮೇಡಂ. ತಟ್ಟೇಲಿ ಒಂದು ಸೀರೆ ಇಟ್ಟು ಕೊಟ್ರೆ ಎಲ್ಲಿ ಅಂದ್ರೆ ಅಲ್ಲಿ ಸೈನ್ ಹಾಕ್ತಾಳೆ. ಅಂತೇ ಕದಾ?’ ಉಂಗುರ ಟಕ್ ಅಂತು. ಚಿನ್ನಪಾಪ ಅಂದರೆ ಮನೆಯಲ್ಲಿ ತಂಗಿಯನ್ನು ಕರೆಯುವ ಹೆಸರು.

ಮೇಡಂ ನಗಲಿಲ್ಲ. ಹೊರಗೆ ಬಂದು ನನಗೆ ಹೇಳಿದರು: ಬಾಗಿನದ ಜೊತೆ ನೀನೇ ಹೋಗು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳು. ನಾವು ಅವರಣ್ಣನ ವಕೀಲರು, ಬೇಕಾದರೆ ಅವರು ಬೇರೆ ವಕೀಲರಿಗೆ ತೋರಿಸಬಹುದು ಅಂತಲೂ ಹೇಳು. ಆಮೇಲೂ ಹಾಕುವೆ ಅಂದರೆ ಮಾತ್ರ ಸಹಿ. ರಮಣಪ್ಪನವರಿಗೂ ಅವರು ಅದನ್ನೇ ಹೇಳಿದರಂತೆ. ಓದಿದರೆ ಓದಲಿ ಬಿಡಿ, ಅವಳೆಲ್ಲಿ ಕೇಳ್ತಾಳೆ, ಅಂದರಂತೆ ಅವರು.

ಹಬ್ಬಕ್ಕೆ ನಾಲ್ಕು ದಿನ ಮುಂಚೆ, ತುಂತುರು ಮಳೆಯಲ್ಲಿ, ಬೈಕಿನ ಹಿಂದಕ್ಕೆ ಮೊರ ಕಟ್ಟಿ ಪ್ಲಾಸ್ಟಿಕ್ ಹೊದಿಸಿ ಚಿಂತಾಮಣಿಗೆ ಹೊರಟೆ. ಗಾಳಿಗೆ ಮೊರ ಎರಡು ಕಡೆಗೂ ರೆಕ್ಕೆಯ ಹಾಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಹೆಂಗಸರು ನಿಂತು ನೋಡಿದರು. ಐದು ವರ್ಷ ಕಾನೂನು ಓದಿದವನು ಬಳೆ, ಬ್ಲೌಸ್ ಪೀಸು ಹೊತ್ತು ಹೋಗುವಾಗ ಮುಖದಲ್ಲಿ ಯಾವ ಭಾವ ಇಟ್ಟುಕೊಳ್ಳಬೇಕು ಅಂತ ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ರತ್ನಮ್ಮನವರ ಮನೆ ಬಸ್‌ಸ್ಟ್ಯಾಂಡಿನ ಹಿಂದೆ, ಮೊದಲ ಮಹಡಿ. ಐವತ್ತರ ಮೇಲಿನ ದಪ್ಪನೆ ಹೆಂಗಸು. ಗಂಡ ನಾಲ್ಕು ವರ್ಷದ ಕೆಳಗೆ ತೀರಿಕೊಂಡಿದ್ದರು. ಆದರೂ ತವರಿನ ಬಾಗಿನ ತಪ್ಪಿರಲಿಲ್ಲ, ಅದೊಂದನ್ನು ಅಣ್ಣ ಬಿಟ್ಟಿಲ್ಲ ಅಂತ ಆಕೆಯೇ ಹೆಮ್ಮೆಯಿಂದ ಹೇಳಿದರು. ನಾನು ಯಾರ ಮಗ, ಯಾವ ಬೀದಿ ಅಂತೆಲ್ಲ ವಿಚಾರಿಸಿ, ಮೊದಲು ಊಟ ಆಮೇಲೆ ಕಾಗದ ಅಂದರು. ನಾನೂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಅಷ್ಟೇ: ಉಂಡು, ಓದಿ, ಮಳೆ ಜೋರಾಗುವುದರೊಳಗೆ ಮನೆ ಸೇರುವುದು. ಓದುವುದನ್ನು ಆದಷ್ಟು ಬೇಗ ಬೇಗ ಓದಿ ಮುಗಿಸಿದರಾಯಿತು ಅಂತಲೂ ಅಂದುಕೊಂಡಿದ್ದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಊಟದ ಮಧ್ಯೆ ಕಿಟಕಿಯಾಚೆ ಕಂಡಕ್ಟರ್ ಒಬ್ಬ ಒಂದೇ ಉಸಿರಿನಲ್ಲಿ ‘ಮುರುಗಮಲ್ಲ ಮುರುಗಮಲ್ಲ ಮುರುಗಮಲ್ಲ’ ಅಂತ ಕೂಗತೊಡಗಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಹಾಗೇ ಕೂಗಿದೆ. ಕೆಳಗೆ ಇಬ್ಬರು ಪ್ರಯಾಣಿಕರು ಮೇಲೆ ನೋಡಿದರು. ರತ್ನಮ್ಮ ಸೌಟು ಹಿಡಿದುಕೊಂಡೇ ನಗತೊಡಗಿದರು. ನಗುವವರು ಸಿಕ್ಕರೆ ನನಗೆ ಮುಗಿಯಿತು. ನಮ್ಮ ಅಪ್ಪನನ್ನು ಮಾಡಿದೆ, ಶಾಂತಲಾ ಮೇಡಂ ಕನ್ನಡಕ ಏರಿಸುವುದನ್ನು ಮಾಡಿದೆ, ಗೂಡಿನ ಬುಟ್ಟಿಯ ಮೇಲೆ ಕೂತ ನನ್ನನ್ನೇ ಮಾಡಿದೆ. ಆಕೆ ಕಣ್ಣೊರೆಸಿಕೊಳ್ಳುತ್ತಾ, ನಮ್ಮಣ್ಣನನ್ನು ಮಾಡ್ತೀಯಾ ಅಂತ ಕೇಳಿದರು.

ಏನನ್ನು ಬೇಕಾದರೂ ಹೇಳಬಹುದಿತ್ತು. ಸಾರಿಗೆ ಉಪ್ಪು ಕಮ್ಮಿ ಅನ್ನಬಹುದಿತ್ತು. ಆದರೆ ಒಬ್ಬರ ದನಿ ನನ್ನ ಬಾಯಿಗೆ ಬರುವಾಗ ಅವರ ಮಾತಿನ ಜೊತೆಗೇ ಬರುತ್ತದೆ. ಉಂಗುರವಿಲ್ಲದ ಬೆರಳನ್ನು ಮೇಜಿಗೆ ಬಡಿದು, ಮೂಗಿನಲ್ಲಿ ನಕ್ಕು, ಅವತ್ತು ಬಾಗಿಲು ಹಾಕಿದ ಕೋಣೆಯಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಚಿನ್ನಪಾಪದಿಂದ ಅಂತೇ ಕದಾವರೆಗೆ.

ಆಕೆಯ ನಗು ಅರ್ಧ ಬಂದು ನಿಂತಿತು. ಕಿಟಕಿಯಾಚೆ ಬಸ್ಸು ಹೊರಟುಹೋಯಿತು. ನನಗೆ ಏನು ಮಾಡಿದೆ ಅಂತ ಗೊತ್ತಾಗಲು ಅಷ್ಟು ಹೊತ್ತು ಬೇಕಾಯಿತು. ತುತ್ತು ಕೈಯಲ್ಲೇ ಇತ್ತು.

‘ಚಿನ್ನಪಾಪ ಅನ್ನೋದು ನಿನಗೆ ಹೇಗಪ್ಪಾ ಗೊತ್ತು?’ ಅಂದರು. ಕೋಪದಲ್ಲಿ ಅಲ್ಲ. ಕೇಳಿ ತಿಳಿಯುವ ಹಾಗೆ. ‘ಅಣ್ಣನ ಬಾಯಿಂದ ಕೇಳದೇ ಅದು ನಿನ್ನ ಬಾಯಿಗೆ ಬರಲ್ಲ.’

ನಾನು ತುತ್ತನ್ನು ತಟ್ಟೆಗೆ ಇಳಿಸಿದೆ. ಜೀವಮಾನದಲ್ಲಿ ಅಪರೂಪಕ್ಕೆ. ಆಕೆ ಕೈ ತೊಳೆಯಲು ಹೇಳಿ, ಮೊರದಿಂದ ಸೀರೆ ಎತ್ತಿ ಪಕ್ಕಕ್ಕಿಟ್ಟು, ಅದರ ಕೆಳಗಿದ್ದ ಕಾಗದ ತೆಗೆದು ನನ್ನ ಮುಂದೆ ಇಟ್ಟರು. ಓದು ಅಂದರು. ಬೇಗ ಬೇಗ ಓದುವ ಮಾತೆಲ್ಲಿಂದ ಬರಬೇಕು. ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದೆ. ಸ್ವಂತ ಇಚ್ಛೆ, ಪ್ರೀತಿ, ವಿಶ್ವಾಸ ಬಂದಾಗ ನಾಲಿಗೆ ತೊಡರಿತು. ಇದಕ್ಕೆ ಸಹಿ ಹಾಕಿದರೆ ಕಂಪನಿಯಲ್ಲಿ ನಿಮ್ಮದು ಅಂತ ಏನೂ ಉಳಿಯುವುದಿಲ್ಲ, ಫ್ಯಾಕ್ಟರಿ ಮಾರುವುದಕ್ಕೆ ದಾರಿಯಾಗುತ್ತದೆ, ನೀವು ಬೇರೆ ವಕೀಲರಿಗೆ ತೋರಿಸಬಹುದು, ಎಲ್ಲ ಹೇಳಿದೆ.

ಆಕೆ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಬಲಗೈಯ ತೋರುಬೆರಳು ತೋರಿಸಿದರು. ತುದಿಯ ಚರ್ಮ ನುಣ್ಣಗೆ, ಗೆರೆಯೇ ಇಲ್ಲದೆ ಹೊಳೆಯುತ್ತಿತ್ತು. ಮದುವೆಗೆ ಮುಂಚೆ ಆರು ವರ್ಷ ಆ ತೊಟ್ಟಿಗಳ ಮುಂದೆ ಆಕೆಯೂ ಕೂತಿದ್ದರಂತೆ. ಹೊಸ ಯಂತ್ರ ಬಂದಾಗ ಅದನ್ನು ಮೊದಲು ಕಲಿತು ಬೇರೆಯವರಿಗೆ ಕಲಿಸಿದವರೂ ಅವರೇ. ಅಪ್ಪ ಹತ್ತು ಷೇರು ಯಾಕೆ ಬರೆದರು ಅಂತ ಯಾವತ್ತೂ ಕೇಳಿರಲಿಲ್ಲ, ಈಗ ಗೊತ್ತಾಗುತ್ತಿದೆ ಅಂದರು. ಸೀರೆಯನ್ನು ದೇವರ ಗೂಡಿನ ಮುಂದಿಟ್ಟುಕೊಂಡರು. ಕಾಗದವನ್ನು ಸಹಿಯಿಲ್ಲದೆ ಮೊರಕ್ಕೆ ಹಾಕಿ ಕೊಟ್ಟರು. ಮಾರನೇ ದಿನ ಮುನಿರಾಜು ಕಡೆಯಿಂದಲೂ ಒಂದು ಬಾಗಿನ ಬಂತಂತೆ, ಸೀರೆಯ ಕೆಳಗೆ ಇನ್ನೊಂದು ಕಾಗದ. ಅದೂ ಹಾಗೇ ವಾಪಸ್ ಹೋಯಿತು. ಈ ವಿಷಯದಲ್ಲಿ ಅಣ್ಣ ತಮ್ಮಂದಿರಿಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಬೆಂಗಳೂರಿಗೆ ಹೋಗಿ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಏರಿಸಿದರು, ಆದರೆ ‘ಮುಂದೆ?’ ಅನ್ನಲಿಲ್ಲ. ಓದಿ ಹೇಳಿದ್ದು ನಿನ್ನ ಕೆಲಸ, ಅದಕ್ಕೆ ತಲೆ ತಗ್ಗಿಸಬೇಡ. ಕಕ್ಷಿದಾರರ ಮಾತು ಆಡಿ ತೋರಿಸಿದ್ದಕ್ಕೆ ತಗ್ಗಿಸು. ಎರಡನ್ನೂ ರಮಣಪ್ಪನವರಿಗೆ ನೀನೇ ಹೋಗಿ ಹೇಳಬೇಕು. ಅವರು ನಿನ್ನ ಮೇಲೆ ದೂರು ಕೊಟ್ಟರೆ ನಾನು ಅಡ್ಡ ಬರುವುದಿಲ್ಲ. ಇಷ್ಟೇ ಹೇಳಿ ಫೈಲಿಗೆ ತಿರುಗಿದರು.

ಗಣೇಶನನ್ನು ನೀರಿಗೆ ಬಿಟ್ಟ ಮಾರನೇ ದಿನ ಶಿಡ್ಲಘಟ್ಟದ ಮೇಲಿನ ಕೋಣೆಗೆ ಹೋದೆ. ಸಹಿಯಿಲ್ಲದ ಕಾಗದದ ಸಮೇತ ಮೊರವನ್ನು ಮೇಜಿನ ಮೇಲಿಟ್ಟೆ. ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿ ಮುಗಿಸಿದೆ. ರಮಣಪ್ಪನವರು ಬೈಯುತ್ತಾರೆ ಅಂತ ಕಾದೆ. ಅವರು ಕಿಟಕಿಯಾಚೆ ನೋಡುತ್ತಾ ಕೂತರು. ಬಾಯ್ಲರಿನ ಹೊಗೆ ಮಳೆಗೆ ಮೇಲೇಳಲಾರದೆ ಅಂಗಳದಲ್ಲೇ ಸುತ್ತುತ್ತಿತ್ತು. ಆಮೇಲೆ ಮೆಲ್ಲಗೆ, ಅವಳ ಮುಂದೆ ಹೇಗೆ ಮಾಡಿದೆಯೋ ಹಾಗೇ ಮಾಡು ನೋಡೋಣ ಅಂದರು.

ಬೇಡ ಸಾರ್ ಅಂದೆ. ಮಾಡು ಅಂದರು.

ನನ್ನ ಜೀವನದಲ್ಲಿ ಯಾರೂ ನಗದೇ ಇದ್ದ ಮಿಮಿಕ್ರಿ ಅದೊಂದೇ. ಮುಗಿಸಿದಾಗ ಅವರು ತಮ್ಮ ಬೆರಳಿನ ಉಂಗುರವನ್ನು ಹೊಸದಾಗಿ ಕಂಡವರಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. ‘ನಾನು ಹೀಗೆ ಮಾತಾಡ್ತೀನಾ?’ ಅಂದರು.   ದೂರು ಕೊಡುವ ಮಾತು ಎತ್ತಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮುಖ ಗಟ್ಟಿ ಮಾಡಿಕೊಂಡು, ಮೀಟಿಂಗ್ ಕರೆಯಿರಿ ಅಂದರು. ಮುನಿರಾಜುವನ್ನು ಡೈರೆಕ್ಟರ್ ಸ್ಥಾನದಿಂದ ತೆಗೆಯುವುದು ಒಂದೇ ವಿಷಯ. ರತ್ನಮ್ಮನಿಗೂ ನೋಟಿಸು ಹೋಗಲಿ. ಕಾಗದದ ಮಾತು ಬೇರೆ, ಅಣ್ಣ ಎದುರಿಗೆ ಕೂತಿರುವಾಗ ಎದುರು ನಿಲ್ಲುವವಳಲ್ಲ ಅವಳು, ಅನ್ನುವುದು ಅವರ ನಂಬಿಕೆ.

ನೋಟಿಸಿಗೆ ಇಪ್ಪತ್ತೊಂದು ದಿನ ಬೇಕು. ಪಿತೃಪಕ್ಷದಲ್ಲಿ ಬೇಡ ಅಂತ ಇನ್ನೂ ನಾಲ್ಕು ದಿನ ಮುಂದಕ್ಕೆ ಹಾಕಿದೆವು. ಅಷ್ಟರಲ್ಲಿ ಮಳೆ ಹಿಂತೆಗೆದಿತ್ತು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟ ತೊಳೆದಿಟ್ಟ ಹಾಗಿತ್ತು. ಮೀಟಿಂಗಿನ ದಿನ ರತ್ನಮ್ಮ ಚಿಂತಾಮಣಿಯಿಂದ ಬಸ್ಸಿನಲ್ಲಿ ಬಂದರು, ಕೊಡೆ ಹಿಡಿದು, ಒಬ್ಬರೇ. ಮೊದಲು ಹೋದದ್ದು ಕೆಳಗಿನ ಹಾಲಿಗೆ. ಒಂದು ತೊಟ್ಟಿಯ ಮುಂದೆ ನಿಂತು, ಅಲ್ಲಿದ್ದ ಹೆಂಗಸನ್ನು ಏಳಿಸಿ, ತಾವು ಕೂತು ನೀರಿಗೆ ಬೆರಳಿಟ್ಟು ಒಂದು ಎಳೆ ಹಿಡಿದು ಏರಿಸಿದರು. ಹರಿಯಲಿಲ್ಲ. ಮುನಿರಾಜು ದೂರದಿಂದ ನೋಡಿದರು.

ಮೇಲಿನ ಕೋಣೆಯಲ್ಲಿ ಅಣ್ಣ ತಮ್ಮ ಮೇಜಿನ ಎರಡು ತುದಿಗೆ, ತಂಗಿ ನಡುವೆ. ಶಾಂತಲಾ ಮೇಡಂ ಗೋಡೆ ಪಕ್ಕ. ನಡೆದದ್ದನ್ನು ಬರೆದುಕೊಳ್ಳಲು ನಾನು. ರಮಣಪ್ಪನವರು ಮೆತ್ತಗೆ ಮಾತಾಡಿದರು. ಬಸ್ಸಿನಲ್ಲಿ ತೊಂದರೆಯಾಯಿತಾ, ತಿಂಡಿ ಆಯಿತಾ, ನಾನು ಹೇಳಿದಾಗ ಒಂದು ಸಲ ಕೈ ಎತ್ತಮ್ಮ ಸಾಕು, ಅಂದರು. ಆಕೆ ತಲೆಯಾಡಿಸಿ, ಮೇಜಿನ ಮೇಲಿದ್ದ ದಪ್ಪ ಪುಸ್ತಕ ಏನು ಅಂತ ಕೇಳಿದರು. ಕಂಪನಿ ಶುರುವಾದಂದಿನಿಂದ ನಡೆದ ಸಭೆಗಳನ್ನೆಲ್ಲ ಬರೆದಿರುವ ಮಿನಿಟ್ಸ್ ಬುಕ್ ಅಂತ ನಾನು ಹೇಳಿದೆ. ಅದರಲ್ಲಿ ನನ್ನ ಹೆಸರು ಎಲ್ಲೆಲ್ಲಿ ಇದೆಯೋ ಅಷ್ಟು ಓದು ಅಂದರು. ನಾನು ರಮಣಪ್ಪನವರ ಮುಖ ನೋಡಿದೆ. ಓದಬಹುದು, ಷೇರುದಾರರಿಗೆ ಆ ಹಕ್ಕಿದೆ ಅಂತ ಮೇಡಂ ಗೋಡೆಯ ಪಕ್ಕದಿಂದ ಹೇಳಿದರು.

ಓದಿದೆ. ನನ್ನದೇ ದನಿಯಲ್ಲಿ, ಇಂಗ್ಲಿಷನ್ನು ಕನ್ನಡ ಮಾಡಿ. ಇಪ್ಪತ್ತೆರಡು ವರ್ಷ, ವರ್ಷ ವರ್ಷವೂ: ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಸೇರಿತು, ಹಾಜರಿದ್ದವರು ರಮಣಪ್ಪ, ಮುನಿರಾಜು, ಶ್ರೀಮತಿ ರತ್ನಮ್ಮ. ಶ್ರೀಮತಿ ರತ್ನಮ್ಮನವರು ಆಡಿಟರ ನೇಮಕವ‍ನ್ನು ಅನುಮೋದಿಸಿದರು. ಶ್ರೀಮತಿ ರತ್ನಮ್ಮನವರು ಬಾಯ್ಲರ್ ಖರೀದಿಯ ಬಗ್ಗೆ ವಿವರ ಕೇಳಿ ತೃಪ್ತರಾದರು. ಶ್ರೀಮತಿ ರತ್ನಮ್ಮನವರು ಅಧ್ಯಕ್ಷರಿಗೆ ವಂದನೆ ಸಲ್ಲಿಸಿದರು. ಅಂಥ ಸಭೆ ಒಂದೂ ನಡೆದಿರಲಿಲ್ಲ. ಆಡಿಟರು ಪ್ರತಿ ವರ್ಷ ತಮ್ಮ ಆಫೀಸಿನಲ್ಲಿ ಕೂತು ಬರೆಯುತ್ತಿದ್ದರು, ಬಾಗಿನದ ಕೆಳಗೆ ಸಹಿ ಬೀಳುತ್ತಿತ್ತು. ಇಂಥ ಕಂಪನಿಗಳಲ್ಲಿ ಇದು ಎಷ್ಟು ಮಾಮೂಲು ಅಂದರೆ, ಆಷಾಢದಿಂದ ಆ ಪುಸ್ತಕ ಓದುತ್ತಿದ್ದ ನನಗೂ ಅದರಲ್ಲಿ ಮುಳ್ಳು ಕಂಡಿರಲಿಲ್ಲ. ಒಂದು ದಿನಾಂಕ ಓದಿದಾಗ ಮುನಿರಾಜು ತಲೆ ಎತ್ತಿದರು. ಅದು ರತ್ನಮ್ಮನವರ ಮಗಳ ಮದುವೆಯ ದಿನವಂತೆ, ಹನ್ನೊಂದು ಗಂಟೆಗೆ ಮೂವರೂ ಚಿಂತಾಮಣಿಯ ಛತ್ರದಲ್ಲಿ ಧಾರೆ ನೋಡುತ್ತಿದ್ದರಂತೆ. ರತ್ನಮ್ಮ ಮಾತ್ರ ಮುಂದೆ ಓದಪ್ಪ ಅಂದರು.

ಓದು ಮುಗಿದ ಮೇಲೆ ಅಣ್ಣನನ್ನು ಎರಡು ಪ್ರಶ್ನೆ ಕೇಳಿದರು. ಕೊಳ್ಳುವವರು ಇಲ್ಲಿ ನೂಲು ಬಿಚ್ಚುತ್ತಾರಾ? ಇಲ್ಲ, ಗೋಡೌನ್ ಮಾಡುತ್ತಾರೆ ಅಂದರು ರಮಣಪ್ಪನವರು. ಸುಳ್ಳು ಹೇಳಲಿಲ್ಲ. ಕೆಳಗಿರುವ ಹೆಂಗಸರು? ಅದಕ್ಕೆ ರಮಣಪ್ಪನವರು ಮುಂದಿದ್ದ ಕಾಗದ ಎತ್ತಿಕೊಂಡರು. ಆಮೇಲೆ ಅವರು ನಿರ್ಣಯ ಓದಿ, ಒಪ್ಪುವವರು ಕೈ ಎತ್ತಿ ಅಂದು ತಮ್ಮ ಕೈ ಎತ್ತಿ ತಂಗಿಯ ಕಡೆ ನೋಡಿದರು. ಆಕೆಯ ಕೈ ಪುಸ್ತಕದ ಮೇಲೆಯೇ ಇತ್ತು. ಮೇಲೆತ್ತಿದ ಕೈ ಒಬ್ಬರದೇ ಆಗಿ ಗಾಳಿಯಲ್ಲಿ ನಿಂತಾಗ ರಮಣಪ್ಪನವರಿಗೆ ತಾಳ್ಮೆ ತಪ್ಪಿತು. ‘ಇಪ್ಪತ್ತು ವರ್ಷದಲ್ಲಿ ಒಂದು ದಿನ ಈ ಮೆಟ್ಟಿಲು ಹತ್ತಿದವಳಲ್ಲ ನೀನು. ಕಂಪನಿ ವ್ಯವಹಾರ ನಿನಗೇನಮ್ಮಾ ಗೊತ್ತು?’

ಅದಕ್ಕೆ ರತ್ನಮ್ಮ ಒಂದು ಮಾತು ಹೇಳಿದರು.  ಅಲ್ಲ ಅನ್ನಬೇಕಾದರೆ ರಮಣಪ್ಪನವರು ತಾವೇ ರುಜು ಹಾಕಿದ ಇಪ್ಪತ್ತೆರಡು ವರ್ಷದ ಪುಸ್ತಕ ಸುಳ್ಳು ಅನ್ನಬೇಕಿತ್ತು. ಹೌದು ಅನ್ನಬೇಕಾದರೆ ತಂಗಿಗೆ ಎಲ್ಲ ಗೊತ್ತು ಅನ್ನಬೇಕಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ನಗುವಾಗ ಹಾಗೆ ಮಾಡುತ್ತಾರೆ ಅಂತ ನನಗೆ ಅವತ್ತು ಗೊತ್ತಾಯಿತು. ರಮಣಪ್ಪನವರ ಎತ್ತಿದ ಕೈ ನಿಧಾನಕ್ಕೆ ಇಳಿಯಿತು. ಉಂಗುರ ಮೇಜಿಗೆ ತಾಗಲಿಲ್ಲ.

ಮುಂದಿನ ಕೆಲಸವೆಲ್ಲ ನನ್ನದೇ. ದೀಪಾವಳಿಯ ಹೊತ್ತಿಗೆ ಒಂದು ಒಪ್ಪಂದ ಬರೆದೆ. ರಮಣಪ್ಪನವರು ತಮ್ಮ ಷೇರನ್ನು ಕಂತಿನಲ್ಲಿ ತಮ್ಮನಿಗೂ ತಂಗಿಗೂ ಬಿಟ್ಟುಕೊಟ್ಟು ವಿಶ್ರಾಂತಿ ತೆಗೆದುಕೊಳ್ಳುವುದು, ರತ್ನಮ್ಮ ಡೈರೆಕ್ಟರ್ ಆಗುವುದು. ನಾನು ಪೂರ್ತಿಯಾಗಿ ಬರೆದ ಮೊದಲ ಒಪ್ಪಂದ. ಅದರ ಹದಿನಾಲ್ಕನೇ ಕಲಮು ಯಾವ ಮಾದರಿ ಪುಸ್ತಕದಲ್ಲೂ ಸಿಗುವುದಿಲ್ಲ: ಕಂಪನಿಗೆ ಸಂಬಂಧಿಸಿದ ಯಾವ ಕಾಗದವನ್ನೂ ಹಬ್ಬದ ಬಾಗಿನದ ಜೊತೆ ಕಳಿಸತಕ್ಕದ್ದಲ್ಲ. ಮೂವರೂ ಕನ್ನಡದಲ್ಲಿ ಓದಿ ಸಹಿ ಹಾಕಿದರು. ಮುನಿರಾಜು ಪೆನ್ನು ವಾಪಸ್ ಕೊಡುವಾಗ, ಈಗ ಪರವಾಗಿಲ್ಲ, ನಡೆಯೋದು ಕಲಿತಿದ್ದೀರಿ ಅಂದರು.

ರಮಣಪ್ಪನವರು ಒಬ್ಬರೇ ಕೈ ಎತ್ತಿದ ಆ ದಿನದ ಮೀಟಿಂಗಿನ ಮಿನಿಟ್ಸನ್ನೂ ಬರೆದವನು ನಾನೇ. ಆ ಪುಸ್ತಕದಲ್ಲಿ ನಿಜವಾಗಿ ನಡೆದ ಮೊದಲ ಸಭೆ. ‘ಅಧ್ಯಕ್ಷರು ನಿರ್ಣಯವನ್ನು ಮುಂದುವರಿಸಲಿಲ್ಲ’ ಅಂತ ಒಂದು ಸಾಲು ಬರೆದು ನಿಲ್ಲಿಸಿದೆ, ಕಾನೂನಿಗೆ ಅಷ್ಟು ಸಾಕು. ಯಾಕೆ ಮುಂದುವರಿಸಲಿಲ್ಲ ಅನ್ನುವುದನ್ನು ಅಲ್ಲಿ ಬರೆಯುವಂತಿರಲಿಲ್ಲ. ಈ ಮಾತನ್ನು ಆಕೆಯ ದನಿಯಲ್ಲಿ ಹೇಳಲು ನಾನು ಇವತ್ತಿನವರೆಗೂ ಪ್ರಯತ್ನಿಸಿಲ್ಲ, ಬರೆಯುತ್ತೇನೆ ಅಷ್ಟೇ. ರತ್ನಮ್ಮ ಆ ದಪ್ಪ ಪುಸ್ತಕವನ್ನು ಮುಚ್ಚಿ, ಎರಡೂ ಕೈಯಲ್ಲಿ ಅಣ್ಣನ ಮುಂದಕ್ಕೆ ಸರಿಸಿ ಹೇಳಿದರು:

‘ಪುಸ್ತಕ ನೋಡಣ್ಣ. ನಾನು ಒಂದು ಮೀಟಿಂಗೂ ತಪ್ಪಿಸಿಲ್ಲ.’